ಚುನಾವಣೆ ಬಂತೆಂದು ಬಡ್ಡಿ ಇಳಿಯುತ್ತದೆಯೇ?

ಚುನಾವಣೆ ಹತ್ತಿರವಾಗುತ್ತಿದ್ದಂತೆ ಗೃಹಸಾಲದ ಕಂತು ಕಟ್ಟುವವರಲ್ಲಿ ಒಂದು ನಿರೀಕ್ಷೆ ಮೂಡುತ್ತದೆ: ಸರ್ಕಾರ ಹೇಳುತ್ತದೆ, ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸುತ್ತದೆ. ಈ ನಂಬಿಕೆಗೆ ದಾಖಲೆಯ ಬೆಂಬಲವಿಲ್ಲ. 2014ರ ಲೋಕಸಭಾ ಚುನಾವಣೆಗೆ ಕೆಲವೇ ತಿಂಗಳಿರುವಾಗ, ಜನವರಿಯಲ್ಲಿ, ಗವರ್ನರ್ ರಘುರಾಂ ರಾಜನ್ ರೆಪೊ ದರವನ್ನು ಶೇ 7.75ರಿಂದ ಶೇ 8ಕ್ಕೆ ಏರಿಸಿದರು. 2023ರ ಫೆಬ್ರುವರಿಯಲ್ಲಿ ಶೇ 6.5 ಮುಟ್ಟಿದ ದರ 2024ರ ಲೋಕಸಭಾ ಚುನಾವಣೆಯುದ್ದಕ್ಕೂ ಅಲ್ಲೇ ನಿಂತಿತ್ತು. ಇಳಿದದ್ದು 2025ರ ಫೆಬ್ರುವರಿಯಲ್ಲಿ.

ನಂಬಿಕೆಗೆ ಇಂಬು ಕೊಡುವುದು 2019. ಆ ಫೆಬ್ರುವರಿಯಲ್ಲೂ ಏಪ್ರಿಲ್ 4ರಂದೂ ದರ ಇಳಿಯಿತು. ಮತದಾನ ಆರಂಭವಾದದ್ದು ಏಪ್ರಿಲ್ 11ಕ್ಕೆ. ಆದರೆ ಶೇ 4ರ ಗುರಿಯಿದ್ದ ಹಣದುಬ್ಬರ ಆಗ ಶೇ 3ಕ್ಕಿಂತ ಕೆಳಗಿತ್ತು. ದರ ನಿರ್ಧರಿಸುವ ಹಣಕಾಸು ನೀತಿ ಸಮಿತಿಯಲ್ಲಿ ಫೆಬ್ರುವರಿಯ ತೀರ್ಮಾನವೇನೂ ಸರ್ವಾನುಮತದ್ದಲ್ಲ, 4–2. ಇಳಿಕೆ ಬೇಡವೆಂದ ಇಬ್ಬರಲ್ಲಿ ಒಬ್ಬರು ರಿಸರ್ವ್ ಬ್ಯಾಂಕಿನದೇ ಡೆಪ್ಯುಟಿ ಗವರ್ನರ್ ವಿರಲ್ ಆಚಾರ್ಯ, ಇನ್ನೊಬ್ಬರು ಸರ್ಕಾರವೇ ನೇಮಿಸಿದ್ದ ಚೇತನ್ ಘಾಟೆ. ಅದೂ ಅಲ್ಲದೆ, ದರ ಇಳಿಕೆಯ ಪರಿಣಾಮ ಮಾರುಕಟ್ಟೆಗೆ ಪೂರ್ತಿ ತಲುಪಲು ಹಲವು ತ್ರೈಮಾಸಿಕಗಳು ಬೇಕು. ಮತದಾನಕ್ಕೆ ವಾರವಿರುವಾಗ ಇಳಿಸಿದರೆ ಸಿಗುವುದು ಒಂದು ದಿನದ ಸುದ್ದಿ ಮಾತ್ರ.

ಅನುಮಾನವೇ ಆಧಾರರಹಿತ ಎನ್ನಲಾರೆ. ಅಮೆರಿಕದಲ್ಲಿ 1972ರ ಚುನಾವಣೆಗೆ ಮುನ್ನ ಅಧ್ಯಕ್ಷ ನಿಕ್ಸನ್ ಫೆಡರಲ್ ರಿಸರ್ವ್ ಮುಖ್ಯಸ್ಥ ಆರ್ಥರ್ ಬರ್ನ್ಸ್ ಮೇಲೆ ಒತ್ತಡ ಹೇರಿದ್ದು ಶ್ವೇತಭವನದ ಧ್ವನಿಮುದ್ರಿಕೆಗಳಲ್ಲೇ ದಾಖಲಾಗಿದೆ.

ಚುನಾವಣೆಗೆಂದೇ ಬಡ್ಡಿ ಇಳಿಯುತ್ತದೆ ಎಂಬ ನಂಬಿಕೆಗೆ ತದ್ವಿರುದ್ಧವಾದ ಇನ್ನೊಂದು ತಪ್ಪು ಕಲ್ಪನೆಯೂ ಇದೆ: ರಿಸರ್ವ್ ಬ್ಯಾಂಕ್ ಸಂಪೂರ್ಣ ಸ್ವತಂತ್ರ, ರಾಜಕೀಯದ ಗಾಳಿ ಅಲ್ಲಿಗೆ ಸುಳಿಯದು ಎಂಬುದು. ಗವರ್ನರನ್ನು ನೇಮಿಸುವುದು ಕೇಂದ್ರ ಸರ್ಕಾರ. 2016ರಲ್ಲಿ ಬಂದ ಹಣಕಾಸು ನೀತಿ ಸಮಿತಿಯ ಆರು ಸದಸ್ಯರಲ್ಲಿ ಮೂವರು ಸರ್ಕಾರ ನೇಮಿಸಿದ ತಜ್ಞರು. ಹಣದುಬ್ಬರದ ಗುರಿಯನ್ನು ಐದು ವರ್ಷಕ್ಕೊಮ್ಮೆ ನಿಗದಿಪಡಿಸುವುದೂ, ಬ್ಯಾಂಕಿನೊಂದಿಗೆ ಸಮಾಲೋಚಿಸಿ, ಸರ್ಕಾರವೇ. ಇದರಲ್ಲಿ ತಪ್ಪೇನಿಲ್ಲ, ಗುರಿ ಯಾವುದೆಂದು ಹೇಳುವ ಹಕ್ಕು ಚುನಾಯಿತರಿಗಿರಬೇಕು. ಆ ಗುರಿ ಮುಟ್ಟುವ ದಾರಿಯಲ್ಲಿ ಯಾರು ಹೇಗೆ ಮತ ಹಾಕಿದರು, ಯಾಕೆ ಹಾಕಿದರು ಎಂಬುದು ಸಭೆ ಮುಗಿದ ಹದಿನಾಲ್ಕನೇ ದಿನ ಹೆಸರು ಸಮೇತ ಪ್ರಕಟವಾಗುತ್ತದೆ. ನನಗೆ ಈ ವ್ಯವಸ್ಥೆಯಲ್ಲಿ ಅತ್ಯಂತ ಅಮೂಲ್ಯವಾಗಿ ಕಾಣುವುದು ಈ ಪ್ರಕಟಣೆಯೇ. ಗುಟ್ಟಾಗಿ ಒತ್ತಡ ಹೇರಬಹುದು. ಆದರೆ ಅದಕ್ಕೆ ಮಣಿದವರು ತಮ್ಮ ಹೆಸರಿನಲ್ಲೇ ಕಾರಣ ಬರೆದುಕೊಡಬೇಕಾಗುತ್ತದೆ.

2024ರ ಮೇ 22ರಂದು ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ 2,10,874 ಕೋಟಿ ರೂಪಾಯಿ ಮಿಗುತಾಯ ಘೋಷಿಸಿದಾಗ ಅದು ಚುನಾವಣೆಯ ಉಡುಗೊರೆ ಎಂದವರಿದ್ದರು. ಅಷ್ಟರಲ್ಲಿ ಏಳು ಹಂತಗಳ ಪೈಕಿ ಐದರ ಮತದಾನ ಮುಗಿದಿತ್ತು. ಬಂದ ಹಣ ಜೂನ್ 4ರ ಎಣಿಕೆಯ ನಂತರ ಯಾರು ಬಂದರೂ ಅವರ ಬಜೆಟ್ಟಿಗೆ.

ಹಾಗಾದರೆ ಚುನಾವಣೆ ಆರ್ಥಿಕ ನಿರ್ಧಾರಗಳನ್ನು ಮುಟ್ಟುವುದೇ ಇಲ್ಲವೇ? ಮುಟ್ಟುತ್ತದೆ. ಅದನ್ನು ಕಾಣಲು ಪೆಟ್ರೋಲ್ ಬಂಕಿನ ದರಫಲಕ ನೋಡಬೇಕು. ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರಲ್ಲಿ ಸರ್ಕಾರದ ನಿಯಂತ್ರಣದಿಂದ ಹೊರಬಂದವು. 2017ರ ಜೂನ್‌ನಿಂದ ದಿನವೂ ಪರಿಷ್ಕರಣೆ. ಆದ್ದರಿಂದ ದರ ಮಾರುಕಟ್ಟೆಯದು, ಸರ್ಕಾರದ ಕೈವಾಡವಿಲ್ಲ ಎಂದು ಹಲವರು ನಂಬಿದ್ದಾರೆ.

ನಮ್ಮ ರಾಜ್ಯದ 2018ರ ವಿಧಾನಸಭಾ ಚುನಾವಣೆಯ ದಿನಗಳನ್ನೇ ನೋಡಿ. ಏಪ್ರಿಲ್ 24ರಿಂದ ದೆಹಲಿಯಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 74.63 ರೂಪಾಯಿಯಲ್ಲೇ ನಿಂತುಬಿಟ್ಟಿತು. ಕಚ್ಚಾತೈಲ ಏರುತ್ತಲೇ ಇದ್ದರೂ 19 ದಿನ ದೇಶವಿಡೀ ದರ ಅಲುಗಲಿಲ್ಲ. ಮೇ 12ಕ್ಕೆ ಮತದಾನ ಮುಗಿಯಿತು, 14ಕ್ಕೆ ಏರಿಕೆ ಶುರುವಾಯಿತು, 29ರ ಹೊತ್ತಿಗೆ ದೆಹಲಿ ದರ 78.43 ರೂಪಾಯಿ. ಬೆಲೆಯನ್ನು ಸ್ಥಿರವಾಗಿಡಲು ತಾವೇ ಕೈಗೊಂಡ ಕ್ರಮವಿದು ಎಂದು ತೈಲ ಕಂಪನಿಗಳು ಹೇಳಿಕೊಂಡವು.

ಕಾಕತಾಳೀಯ ಎಂದು ಅದನ್ನು ಒಪ್ಪಿಕೊಂಡವರಿಗೆ 2021–22 ಉತ್ತರವಾಯಿತು. ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯಗಳ ಚುನಾವಣೆಯ ಕಾಲದಲ್ಲಿ ತೈಲ ಕಂಪನಿಗಳ ದರ ಪರಿಷ್ಕರಣೆ ನಾಲ್ಕು ತಿಂಗಳಿಗೂ ಹೆಚ್ಚು ನಿಂತುಹೋಯಿತು. ಈ ನಡುವೆ ಯುಕ್ರೇನ್ ಯುದ್ಧ ಶುರುವಾಗಿ ಕಚ್ಚಾತೈಲ ಬ್ಯಾರೆಲಿಗೆ ನೂರು ಡಾಲರ್ ದಾಟಿತ್ತು. ಮಾರ್ಚ್ 10ಕ್ಕೆ ಫಲಿತಾಂಶ ಬಂತು. ಮಾರ್ಚ್ 22ರಿಂದ ಎರಡು ವಾರ ಹೆಚ್ಚುಕಡಿಮೆ ದಿನವೂ ಏರಿ ಲೀಟರಿಗೆ 10 ರೂಪಾಯಿ ಹೆಚ್ಚಾಯಿತು. ನಾಲ್ಕು ತಿಂಗಳಲ್ಲಿ ಹಂಚಿಹೋಗಬೇಕಿದ್ದ ಹೊರೆ ಲಾರಿ ಮಾಲೀಕರ, ಆಟೊ ಚಾಲಕರ ಮೇಲೆ ಎರಡೇ ವಾರದಲ್ಲಿ ಬಿತ್ತು.

ರೆಪೊ ದರವನ್ನು ಕಾಲು ಅಂಶ ಅಲುಗಿಸಲು ಆರು ಜನ ಹೆಸರು ಹಾಕಿ ಕಾರಣ ಬರೆಯಬೇಕು. ಪೆಟ್ರೋಲ್ ದರವನ್ನು ತಿಂಗಳುಗಟ್ಟಲೆ ನಿಲ್ಲಿಸಿದ ನಿರ್ಧಾರದ ನಡಾವಳಿ ಮಾತ್ರ ಸಾರ್ವಜನಿಕರ ಮುಂದೆ ಬಂದಿಲ್ಲ. ಆ ಕಂಪನಿಗಳಲ್ಲಿ ಸಾರ್ವಜನಿಕ ಹಣವಿದೆ. ನಿರ್ಧಾರ ಯಾರದೆಂದು ಕೇಳುವ ಹಕ್ಕು ನಮಗಿದೆ.