ಒಲವಿನ ಕವಿತೆಗೆ ಕಂಠವಿತ್ತವರು

ಎರಡು ದೋಣಿಗಳಲ್ಲಿ ಕಾಲಿಟ್ಟವನು ದಡ ಸೇರಲಾರನೆಂಬ ಗಾದೆಯಿದೆ. ಗಾಯಕ ಸಿ. ಅಶ್ವತ್ಥರು ಅದನ್ನು ಸುಳ್ಳಾಗಿಸಿದರು. 1939ರ ಡಿಸೆಂಬರ್ 29ರಂದು ಜನಿಸಿದ ಅವರು ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನಲ್ಲಿ 27 ವರ್ಷ ದುಡಿದರು. ಸಂಸಾರಕ್ಕೆ ಆಧಾರ ಸಂಬಳವಾದರೆ, ಜೀವಕ್ಕೆ ಆಧಾರ ಸಂಗೀತ.

ಅವರ ರಾಗಗಳಿಗೆ ಬಹುವಾಗಿ ಒಲಿದುದು ಕೆ. ಎಸ್. ನರಸಿಂಹಸ್ವಾಮಿಯವರ ಕಾವ್ಯ. 1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ಯ ಪ್ರೇಮಿಗಳು ರಾಜಕುಮಾರ-ರಾಜಕುಮಾರಿಯರಲ್ಲ, ನಮ್ಮ ನಿಮ್ಮಂತಹ ಗೃಹಸ್ಥರು. ಬಾಗಿಲಿಗೆ ಬರುವ ಬಳೆಗಾರ, ತವರಿಗೆ ಹೋದ ಮಡದಿ, ಅವಳ ಹಾದಿ ಕಾಯುವ ಗಂಡ, ಇವೇ ಅಲ್ಲಿಯ ಸಂಪತ್ತು. ಕವಿಯೂ ಸರಕಾರಿ ಕಚೇರಿಯ ಗುಮಾಸ್ತೆಯಾಗಿದ್ದವರೇ!

ಇಂತಹ ಕವಿತೆಗೆ ಸ್ವರ ಹೊಂದಿಸುವುದು ಸುಲಭವಲ್ಲ. ರಾಗ ಮೆರೆದರೆ ಮಾತು ಮುಳುಗುತ್ತದೆ. ಮಾತಿಗೇ ಜೋತುಬಿದ್ದರೆ ಹಾಡು ಒಣಗುತ್ತದೆ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು ತೆರೆದ ಹಾದಿಯಲ್ಲಿ ನಡೆದ ಅಶ್ವತ್ಥರು ಕವಿಯ ಮಾತು ಕೇಳುಗನ ಎದೆಗೆ ತಲುಪುವಂತೆ ಹಾಡಿದರು. ‘ಕಾಕನಕೋಟೆ’ಯಿಂದ ಚಿತ್ರರಂಗದಲ್ಲಿಯೂ ಹೆಸರಾದ ಅವರು, ‘ಮೈಸೂರು ಮಲ್ಲಿಗೆ’ ಚಲನಚಿತ್ರಕ್ಕೆ ಸಂಗೀತವಿತ್ತರು; ಅದರ ಗೀತೆಗಳಿಗಾಗಿ ಕವಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಓದುಬಾರದವರ ನಾಲಗೆಯ ಮೇಲೂ ಕಾವ್ಯ ನಲಿದುದು ಅದಕ್ಕಿಂತ ಹಿರಿದಾದ ಪ್ರಶಸ್ತಿ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ನೆರೆಯಿತು. ಭಾವಗೀತವನ್ನು ಕೇಳುವವರು ಬೆರಳೆಣಿಕೆಯ ಮಂದಿಯೆಂಬ ಶಂಕೆ ಅಂದು ಕರಗಿತು.

2009ರ ಡಿಸೆಂಬರ್ 29ರಂದು, ಎಪ್ಪತ್ತು ತುಂಬಿದ ದಿನವೇ, ಅವರು ಅಗಲಿದರು. ಹಾಡಿದಾತ ಹೋದರೂ ಸಂಜೆಯ ಮನೆಗಳಲ್ಲಿ ಮಲ್ಲಿಗೆಯ ಕಂಪು ಉಳಿದಿದೆ.