ಅಂಕಿ ಮತ್ತು ಅಳಲು: ಮಧುಮೇಹ–ಮನೋವ್ಯಾಕುಲಗಳ ಜಂಟಿ ನಿರ್ವಹಣೆಗೆ ಸಹಾಯಕ ತಂತ್ರಜ್ಞಾನ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ಊಟ ಮತ್ತು ಮಾತುಗಳನ್ನು ಜೊತೆಯಾಗಿರಿಸಿ ಬದುಕಿನ ಹದವನ್ನು ಹೇಳುವ ಈ ಗಾದೆಯಲ್ಲಿ ವಿವೇಕದೊಂದಿಗೆ ಒಂದು ಆಪಾದನೆಯೂ ಅಡಗಿದೆ. ರೋಗ ಬಂದವನಿಗೆ ಉಣ್ಣಲು ತಿಳಿಯದು ಎಂಬುದೇ ಆ ಆಪಾದನೆ. ಮಧುಮೇಹಕ್ಕೆ ಆಹಾರವಲ್ಲದೆ ವಂಶವಾಹಿ, ವಯಸ್ಸು, ದುಡಿಮೆಯ ಸ್ವರೂಪ ಮೊದಲಾದ ಕಾರಣಗಳೂ ಇವೆ. ಆದರೂ ಸಕ್ಕರೆಯ ಪ್ರಮಾಣ ಏರಿದಾಗ ಮನೆಯವರು ‘ಏನು ತಿಂದೆ?’ ಎಂದೇ ಕೇಳುತ್ತಾರೆ, ‘ಮನಸ್ಸಿಗೆ ಏನಾಗಿದೆ?’ ಎಂದು ಕೇಳುವವರು ವಿರಳ. ಸಹಾಯಕ ತಂತ್ರಜ್ಞಾನವೂ ಮೊದಲನೆಯ ಪ್ರಶ್ನೆಯಲ್ಲಿಯೇ ನಿಂತುಬಿಟ್ಟರೆ ಅದು ಆಪಾದಿಸುವವರ ಸಾಲಿಗೆ ಮತ್ತೊಂದು ಧ್ವನಿಯನ್ನು ಸೇರಿಸುತ್ತದೆಯಷ್ಟೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಮಧುಮೇಹಿಗಳಲ್ಲಿ ಖಿನ್ನತೆಯು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಖಿನ್ನತೆಯುಳ್ಳವರು ಔಷಧ, ಊಟ, ನಡಿಗೆಗಳ ಕ್ರಮವನ್ನು ಪಾಲಿಸಲಾರದೆ ಹೋಗುವುದರಿಂದ ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಮತ್ತೆ ಮನಸ್ಸನ್ನು ಕುಗ್ಗಿಸುತ್ತದೆ. ಹೀಗಿದ್ದರೂ ಒಂದಕ್ಕೆ ಒಂದು ಆಸ್ಪತ್ರೆ, ಮತ್ತೊಂದಕ್ಕೆ ಮತ್ತೊಂದು ಆಸ್ಪತ್ರೆ ಎಂಬ ವಿಭಜನೆಯೇ ರೂಢಿಯಾಗಿದೆ.

ಈ ವಿಭಜನೆಯನ್ನು ಮೀರುವ ಮಹತ್ವದ ಪ್ರಯೋಗವೊಂದು ‘ಇಂಡಿಪೆಂಡೆಂಟ್’ ಎಂಬ ಹೆಸರಿನಲ್ಲಿ ಬೆಂಗಳೂರು, ಚೆನ್ನೈ, ದೆಹಲಿ ಮತ್ತು ವಿಶಾಖಪಟ್ಟಣಗಳ ಮಧುಮೇಹ ಚಿಕಿತ್ಸಾಲಯಗಳಲ್ಲಿ ನಡೆಯಿತು. 2020ರಲ್ಲಿ ಫಲಿತಾಂಶ ಪ್ರಕಟವಾದ ಈ ಅಧ್ಯಯನದಲ್ಲಿ 404 ಮಂದಿ ಭಾಗವಹಿಸಿದ್ದರು. ವೈದ್ಯರ ನಿರ್ಧಾರಕ್ಕೆ ನೆರವಾಗುವ ಗಣಕೀಕೃತ ದಾಖಲೆ, ರೋಗಿಯೊಡನೆ ಸಂಪರ್ಕದಲ್ಲಿರುವ ಆರೈಕೆ ಸಂಯೋಜಕರು ಹಾಗೂ ತಜ್ಞರ ಪರಾಮರ್ಶೆ ಎಂಬ ಮೂರು ಅಂಗಗಳು ಅದರಲ್ಲಿದ್ದವು. 24 ತಿಂಗಳ ಕೊನೆಗೆ, ಖಿನ್ನತೆಯ ಲಕ್ಷಣಗಳು ಅರ್ಧದಷ್ಟಾದರೂ ತಗ್ಗಿ, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಬ್ಬು ಇವುಗಳಲ್ಲಿ ಒಂದಾದರೂ ನಿಗದಿತ ಮಟ್ಟಿಗೆ ಸುಧಾರಿಸಿದವರು ಈ ಕ್ರಮದಲ್ಲಿ ಶೇ. 71.6ರಷ್ಟಿದ್ದರೆ, ವಾಡಿಕೆಯ ಚಿಕಿತ್ಸೆಯಲ್ಲಿ ಶೇ. 57.4ರಷ್ಟಿದ್ದರು. ಇಲ್ಲಿ ಯಂತ್ರವು ಮನುಷ್ಯನ ಸ್ಥಾನವನ್ನು ಆಕ್ರಮಿಸಲಿಲ್ಲ. ಆಲಿಸುವ ಮನುಷ್ಯನಿಗೆ ನೆನಪಿನ ಊರುಗೋಲಾಯಿತು.

ವಿನ್ಯಾಸದ ಎರಡನೆಯ ಪ್ರಶ್ನೆ ಭಾಷೆಯದು. ಖಿನ್ನತೆಯನ್ನು ಅಳೆಯಲು ವ್ಯಾಪಕವಾಗಿ ಬಳಕೆಯಲ್ಲಿರುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳಲ್ಲಿ ನಿದ್ರೆ, ಆಯಾಸ, ಹಸಿವುಗಳೂ ಸೇರಿವೆ. ಇವು ಮಧುಮೇಹದ ಲಕ್ಷಣಗಳೂ ಆಗಿರಬಹುದು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವನ ನಿದ್ರಾಭಂಗವನ್ನೂ ಚಿಂತೆಯಿಂದ ಎಚ್ಚರಗೊಂಡಿರುವವನ ನಿದ್ರಾಭಂಗವನ್ನೂ ಅಂಕಿಯು ಬೇರ್ಪಡಿಸದು, ‘ಏಕೆ ಎಚ್ಚರವಾಯಿತು?’ ಎಂಬ ಮರುಪ್ರಶ್ನೆ ಬೇರ್ಪಡಿಸುತ್ತದೆ. ‘ಖಿನ್ನತೆ’ ಎಂಬ ಗ್ರಾಂಥಿಕ ಪದವನ್ನು ಆಡುಮಾತಿನಲ್ಲಿ ಬಳಸುವವರು ಕಡಿಮೆ. ‘ಎದೆ ಭಾರ’, ‘ಬೇಜಾರು’, ‘ತಲೆಬಿಸಿ’, ‘ಜೀವ ಸಾಕಾಗಿದೆ’ ಎಂಬ ನುಡಿಗಟ್ಟುಗಳಲ್ಲಿ ಜನರು ಅಳಲನ್ನು ತೋಡಿಕೊಳ್ಳುತ್ತಾರೆ. ಇವುಗಳಲ್ಲಿ ದೇಹ ಮತ್ತು ಮನಸ್ಸುಗಳ ನಡುವೆ ಗೋಡೆಯಿಲ್ಲ. ತಂತ್ರಾಂಶದ ಪ್ರಶ್ನೆಗಳನ್ನು ಅನುವಾದಿಸುವುದಕ್ಕಿಂತ ಮೊದಲು ಈ ನುಡಿಗಟ್ಟುಗಳನ್ನು ಪ್ರಾದೇಶಿಕ ಭೇದಗಳೊಂದಿಗೆ ಸಂಗ್ರಹಿಸುವುದು ಅಗತ್ಯ. ಜಾನಪದ ಕ್ಷೇತ್ರಕಾರ್ಯದ ಅನುಭವ ಇಲ್ಲಿ ನೇರವಾಗಿ ಒದಗುತ್ತದೆ.

ದೇಹ ಮತ್ತು ಮನಸ್ಸುಗಳನ್ನು ಒಟ್ಟಿಗೆ ನೋಡಬೇಕೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿ ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಾಗ ಬೆವರು, ಕೈನಡುಕ, ಎದೆಬಡಿತ, ಗಾಬರಿಗಳು ಕಾಣಿಸಿಕೊಳ್ಳುತ್ತವೆ. ತೀವ್ರ ಆತಂಕದ ಲಕ್ಷಣಗಳೂ ಬಹುಮಟ್ಟಿಗೆ ಇವೇ. ‘ಗಾಬರಿಯಾಗುತ್ತಿದೆ’ ಎಂದು ದಾಖಲಿಸಿದವನಿಗೆ ಮನಸ್ಸಿನ ಸಾಧನವು ದೀರ್ಘವಾಗಿ ಉಸಿರಾಡಲು ಮಾತ್ರ ಹೇಳಿದರೆ ಪ್ರಾಣಾಪಾಯವುಂಟಾದೀತು. ಸಕ್ಕರೆಯ ಸಾಧನವು ಅಂಕಿ ಸರಿಯಾಗಿದೆ ಎಂದು ಸುಮ್ಮನಾದರೆ ಆತಂಕಕ್ಕೆ ಆರೈಕೆ ದೊರೆಯದು. ಜಂಟಿ ಸಾಧನವಾದರೋ ಮೊದಲು ಸಕ್ಕರೆಯನ್ನು ಪರೀಕ್ಷಿಸಲು ಸೂಚಿಸಿ, ಪರೀಕ್ಷೆ ಸಾಧ್ಯವಾಗದಿದ್ದಲ್ಲಿ ಸಕ್ಕರೆ ಇಳಿದಿದೆಯೆಂದೇ ಭಾವಿಸಿ ಸಿಹಿ ಸೇವಿಸಲು ತಿಳಿಸಿ, ಅನಂತರ ಮನಸ್ಸಿನ ಕಡೆಗೆ ತಿರುಗಬೇಕು.

ಅಂಕಿಯನ್ನು ತೋರಿಸುವ ರೀತಿಯೂ ವಿಚಾರಾರ್ಹ. ಏರಿದ ಪ್ರಮಾಣವನ್ನು ಕೆಂಪಕ್ಷರದಲ್ಲಿ ಮೂಡಿಸುವ ಪರದೆ ಎಚ್ಚರಿಕೆ ನೀಡುವಂತೆಯೇ ನಾಚಿಕೆಯನ್ನೂ ಹುಟ್ಟಿಸಬಲ್ಲದು. ನಾಚಿದವನು ಪರೀಕ್ಷೆಯನ್ನು ಬಿಡುತ್ತಾನೆ ಅಥವಾ ಸುಳ್ಳು ಅಂಕಿಯನ್ನು ಬರೆಯುತ್ತಾನೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಸ್ವೀಕರಿಸುವುದು ಸಂಬಂಧದ ಒಪ್ಪಿಗೆಯಾಗಿರುವ ಸಮಾಜದಲ್ಲಿ ಅದನ್ನು ‘ತಪ್ಪು’ ಎಂದು ಗುರುತಿಸುವ ತಂತ್ರಾಂಶವು ಬಳಕೆದಾರನನ್ನು ಒಂಟಿಯಾಗಿಸುತ್ತದೆ. ಎಷ್ಟು ಸ್ವೀಕರಿಸಬಹುದು, ಆ ದಿನದ ಊಟವನ್ನು ಹೇಗೆ ಹೊಂದಿಸಬೇಕು ಎಂದು ತಿಳಿಸುವುದೇ ಯುಕ್ತ. ಅಳತೆಯೂ ಗ್ರಾಮಿನಲ್ಲಲ್ಲದೆ ಮುದ್ದೆ, ರೊಟ್ಟಿ, ಸೌಟುಗಳಲ್ಲಿರಬೇಕು. ಓದುಬರಹ ಬಾರದವರಿಗೆ ಧ್ವನಿಯ ಪ್ರಶ್ನೆ, ಒಂದೇ ಫೋನನ್ನು ಹಂಚಿಕೊಳ್ಳುವ ಮನೆಗಳಲ್ಲಿ ಮನಸ್ಸಿನ ಮಾತಿಗೆ ಪ್ರತ್ಯೇಕ ಗೋಪ್ಯತೆ ಇರುವುದು ಅವಶ್ಯ.

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾವಿನ ಹಾಗೂ ಸ್ವಹಾನಿಯ ಯೋಚನೆಗೆ ಸಂಬಂಧಿಸಿದೆ. ಅದಕ್ಕೆ ‘ಹೌದು’ ಎಂಬ ಉತ್ತರ ಬಂದಾಗ ಕೇವಲ ಸಂದೇಶವನ್ನು ತೋರಿಸಿ ಸುಮ್ಮನಾಗುವ ಸಾಧನವು ಪ್ರಶ್ನೆ ಕೇಳುವ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ. ಆ ಉತ್ತರವು ಒಡನೆಯೇ ಮನುಷ್ಯನೊಬ್ಬನನ್ನು ತಲುಪಬೇಕು. 2022ರ ಅಕ್ಟೋಬರಿನಲ್ಲಿ ಆರಂಭಗೊಂಡ, ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿರುವ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವ ಅವಕಾಶವಿದೆ. ಇಂತಹ ವ್ಯವಸ್ಥೆಯೊಡನೆ ಸಾಧನವನ್ನು ಬೆಸೆಯುವುದು ವಿನ್ಯಾಸದ ಮೊದಲ ಹಂತದಲ್ಲಿಯೇ ಆಗಬೇಕಾದ ಕಾರ್ಯ.

ಗಾದೆಯು ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿತು. ಊಟದ ಲೆಕ್ಕವಿಡುವ ಸಾಧನಗಳು ಈಗಾಗಲೇ ಕೈಗೆ ಬಂದಿವೆ. ಆಪಾದಿಸದೆ ಮಾತನ್ನು ಕೇಳಿಸಿಕೊಳ್ಳುವ ಗುಣವನ್ನು ಅವುಗಳಿಗೆ ಕೂಡಿಸುವುದು ತಂತ್ರಜ್ಞರೂ ವೈದ್ಯರೂ ಜಾನಪದ ವಿದ್ವಾಂಸರೂ ಒಟ್ಟಾಗಿ ಮಾಡಬೇಕಾದ ಕೆಲಸ.