ಮಡಚುವ ಟ್ರಾಲಿ ಚೀಲ 50 ಕೆಜಿ ಹೊರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ಲೆಕ್ಕ

ಎರಡು ಚಕ್ರದ ಸಣ್ಣ ಗಾಡಿ, ಅದಕ್ಕೆ ಸಿಕ್ಕಿಸಿದ ಒಂದು ಚೀಲ. ವಿಡಿಯೊದಲ್ಲಿ ಒಬ್ಬರು ಅದನ್ನು ಬಿಡಿಸುತ್ತಾರೆ, ತರಕಾರಿ ತುಂಬುತ್ತಾರೆ, ಒಂದೇ ಕೈಯಲ್ಲಿ ಎಳೆದುಕೊಂಡು ಹೋಗುತ್ತಾರೆ, ಮನೆಗೆ ಬಂದು ಮಡಚಿ ಬಾಗಿಲ ಹಿಂದೆ ನಿಲ್ಲಿಸುತ್ತಾರೆ. ಕೆಳಗೆ ಬರೆದಿರುತ್ತದೆ: 40 ಲೀಟರ್ ಚೀಲ, 50 ಕೆಜಿ ಸಾಮರ್ಥ್ಯ, ಬಟ್ಟೆಯದ್ದು, ಪರಿಸರಸ್ನೇಹಿ, ಇನ್ನು ಬೆನ್ನುನೋವೇ ಇಲ್ಲ. ವಯಸ್ಸಾದ ಅಪ್ಪ ಅಮ್ಮನಿಗೆ ಕೊಡಿಸಿ ಅಂತ ಒಂದು ಸಾಲು ಸೇರಿಸಿ ಯಾರೋ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ.

ಕೊಡಿಸುವುದರಲ್ಲಿ ತಪ್ಪಿಲ್ಲ. ಎರಡೂ ಕೈಯಲ್ಲಿ ಐದೈದು ಕೆಜಿ ನೇತುಹಾಕಿಕೊಂಡು ಮಾರ್ಕೆಟ್ಟಿಂದ ನಡೆದು ಬರುವುದಕ್ಕಿಂತ ಚಕ್ರದ ಮೇಲೆ ಎಳೆದುಕೊಂಡು ಬರುವುದು ಖಂಡಿತ ಸುಲಭ. ಆದರೆ ಈ ಸಂದೇಶದ ಒಂದೊಂದು ಮಾತನ್ನೂ ಬಿಡಿಸಿ ನೋಡಿದರೆ ಕೆಲವು ಅರ್ಧ ಸತ್ಯ, ಒಂದು ಬಹಳ ಸಲ ಪೂರ್ತಿ ಸುಳ್ಳು. ಕೊಳ್ಳುವವರೆಲ್ಲ ಚಕ್ರ ತಿರುಗಿಸಿ ನೋಡುತ್ತಾರೆ. ನಿಜಕ್ಕೂ ನೋಡಬೇಕಾದದ್ದು ಚೀಲವನ್ನು.

50 ಕೆಜಿ ಎಲ್ಲಿಂದ ಬಂತು?

40 ಲೀಟರ್ ಚೀಲಕ್ಕೆ ಬಾಯಿತನಕ ನೀರನ್ನೇ ತುಂಬಿದರೂ ತೂಕ 40 ಕೆಜಿ. ನಾವು ತರುವ ದಿನಸಿಯಲ್ಲಿ ಹೆಚ್ಚಿನದು ನೀರಿಗಿಂತ ಹಗುರ. ಕಾಳುಗಳ ನಡುವೆ ಗಾಳಿ ಇರುವುದರಿಂದ ಒಂದು ಲೀಟರ್ ಜಾಗದಲ್ಲಿ ಅಕ್ಕಿ ಸುಮಾರು 800 ಗ್ರಾಂ ಹಿಡಿಯುತ್ತದೆ, ಆಲೂಗಡ್ಡೆ ಸುಮಾರು 650 ಗ್ರಾಂ. ಅಂದರೆ ಚೀಲ ತುಂಬ ಅಕ್ಕಿ ಹಾಕಿದರೆ 32 ಕೆಜಿ, ಆಲೂಗಡ್ಡೆ ಹಾಕಿದರೆ 26. ಸೊಪ್ಪು, ಹೂಕೋಸು, ಬ್ರೆಡ್ಡು ಸೇರಿದರೆ ಇನ್ನೂ ಕಡಿಮೆ. 50 ಕೆಜಿ ಮುಟ್ಟಬೇಕಾದರೆ ಮರಳು ತುಂಬಬೇಕು.

ಗಾಡಿಯ ಕಬ್ಬಿಣದ ಕೊಳವೆ 50 ಕೆಜಿಗೆ ಬಾಗದೇ ಇರಬಹುದು, ಆ ಮಟ್ಟಿಗೆ ಅಂಕಿ ಸರಿಯೇ. ಆದರೆ ಕಂಬಿಯ ತಾಕತ್ತು ಬೇರೆ, ಚೀಲದ ತಾಕತ್ತು ಬೇರೆ, ಎಳೆಯುವವರ ರಟ್ಟೆಯ ತಾಕತ್ತು ಬೇರೆ. ಸಂದೇಶ ಇರುವುದು ಮೊದಲನೆಯದರ ಬಗ್ಗೆ ಮಾತ್ರ. ಸಾಮಾನ್ಯವಾಗಿ ಕೈಕೊಡುವುದು ಉಳಿದೆರಡು.

ಭಾರ ಚಕ್ರದ ಮೇಲೋ ಕೈಮೇಲೋ?

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಇದು ಯಾರೂ ಹೇಳಿಕೊಡಬೇಕಿಲ್ಲ. ಹೇರು ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಅಚ್ಚಿನ ಮೇಲೆ ಸಮ ಕೂತರೆ ಎತ್ತಿಗೆ ಉಳಿಯುವುದು ಎಳೆಯುವ ಕೆಲಸ ಮಾತ್ರ. ಟ್ರಾಲಿಯಲ್ಲಿ ಎತ್ತು ನೀವೇ.

ಒಂದು ಉದಾಹರಣೆ ಹಿಡಿಯೋಣ. ಚಕ್ರದ ಅಚ್ಚಿನಿಂದ ಹಿಡಿಕೆಗೆ ಒಂದು ಮೀಟರ್ ಉದ್ದ, ಚೀಲದಲ್ಲಿ 20 ಕೆಜಿ, ಆ ಭಾರದ ಕೇಂದ್ರ ಗಾಡಿಯ ಕಂಬಿಯಿಂದ 12 ಸೆಂಟಿಮೀಟರ್ ಮುಂದಿದೆ. ಎಳೆಯುವಾಗ ನಾವು ಗಾಡಿಯನ್ನು ನಮ್ಮ ಕಡೆಗೆ ಸುಮಾರು 40 ಡಿಗ್ರಿ ವಾಲಿಸುತ್ತೇವೆ ಅನ್ನಿ. ಭಾರದ ಕೇಂದ್ರ ಅಚ್ಚಿನಿಂದ 25 ಸೆಂಟಿಮೀಟರ್ ಮೇಲಿದ್ದರೆ ಕೈಗೆ ಬೀಳುವ ತೂಕ ಬರೀ 2 ಕೆಜಿ. ಅದೇ ಸಾಮಾನನ್ನು ತಲೆಕೆಳಗಾಗಿ ಜೋಡಿಸಿ, ಹಗುರದ್ದು ಕೆಳಗೆ ಭಾರದ್ದು ಮೇಲೆ ಹಾಕಿ, ಕೇಂದ್ರ 50 ಸೆಂಟಿಮೀಟರಿಗೆ ಏರಿದರೆ ಕೈಗೆ 7 ಕೆಜಿ. ಚೀಲ ಅದೇ, ಸಾಮಾನೂ ಅದೇ, ಕೈಮೇಲಿನ ಭಾರ ಮಾತ್ರ ಮೂರೂವರೆ ಪಟ್ಟು. ಟೊಮೆಟೊ ಅಪ್ಪಚ್ಚಿಯಾಗದಿರಲಿ ಅಂತ ಮಾತ್ರವಲ್ಲ, ಭುಜಕ್ಕಾಗಿಯೂ ಅಕ್ಕಿ ಎಣ್ಣೆ ಕೆಳಗೇ ಇರಬೇಕು. ಇನ್ನೂ ನೆಟ್ಟಗೆ, 20–25 ಡಿಗ್ರಿಯಷ್ಟೇ ವಾಲಿಸಿ ನಡೆಯಲು ಸಾಧ್ಯವಾದರೆ ಕೈಗೆ ಬೀಳುವ ಭಾರ ಇನ್ನೂ ಇಳಿಯುತ್ತದೆ. ಆದ್ದರಿಂದಲೇ ಎತ್ತರದವರಿಗೆ ಗಿಡ್ಡ ಹಿಡಿಕೆಯ ಗಾಡಿ ಒಗ್ಗುವುದಿಲ್ಲ, ಅವರು ಅದನ್ನು ನೆಟ್ಟಗೆ ಹಿಡಿಯಬೇಕಾದರೆ ತಾವೇ ಬಗ್ಗಬೇಕು. ಬೆನ್ನುನೋವು ಹೋಗುತ್ತದೋ ಬರುತ್ತದೋ ಅನ್ನುವುದು ಇದರ ಮೇಲೆ ನಿಂತಿದೆ.

ಇನ್ನು ನಿಲ್ಲಿಸಿದಾಗ. ಆಗ ಗಾಡಿ ನಿಲ್ಲುವುದು ಹಿಂದೆ ಎರಡು ಚಕ್ರ, ಮುಂದೆ ಒಂದು ಸಣ್ಣ ಕಾಲು ಇವುಗಳ ಮೇಲೆ. ಕಾಲು ಅಚ್ಚಿನಿಂದ 20 ಸೆಂಟಿಮೀಟರ್ ಮುಂದಿದೆ, ಭಾರದ ಕೇಂದ್ರ 12 ಸೆಂಟಿಮೀಟರ್ ಮುಂದೆ ಮತ್ತು 35 ಸೆಂಟಿಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಇದು ಮುಂದಕ್ಕೆ ಮಗುಚಲು ಸುಮಾರು 13 ಡಿಗ್ರಿ ಇಳಿಜಾರು ಬೇಕು. ಆದರೆ ತೆಳು ಬಟ್ಟೆಯ ಚೀಲಕ್ಕೆ ಭಾರ ಬಿದ್ದ ಕೂಡಲೇ ಮುಂದೆ ಹೊಟ್ಟೆ ಬರುತ್ತದೆ. ಹೊಟ್ಟೆ ಉಬ್ಬಿ ಕೇಂದ್ರ ಐದೇ ಸೆಂಟಿಮೀಟರ್ ಮುಂದಕ್ಕೆ ಸರಿದರೂ, 5 ಡಿಗ್ರಿ ಇಳಿಜಾರಿಗೇ ಗಾಡಿ ಬೋರಲು. ಗಾಲಿಕುರ್ಚಿಗಾಗಿ ಕಟ್ಟುವ 1:12ರ ಇಳಿಜಾರು ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿಗೆ ಇಳಿಯುವ ದಾರಿ ಅದಕ್ಕಿಂತ ಕಡಿದು. ವಯಸ್ಸಾದವರು ಬೀಳುವ ಗಾಡಿಯನ್ನು ಹಿಡಿಯಲು ಹೋಗಿ ತಾವೇ ಮುಗ್ಗರಿಸುವುದು ಇಂಥಲ್ಲಿ. ವಿಡಿಯೊ ತೆಗೆಯುವವರು ಯಾವಾಗಲೂ ನುಣುಪು ಟೈಲ್ಸ್ ಮೇಲೇ ತೆಗೆಯುತ್ತಾರೆ ಅನ್ನುವುದನ್ನು ಗಮನಿಸಿ.

ಹಾಗಾದರೆ ಗಟ್ಟಿ ಡಬ್ಬಿಯನ್ನೇ ಇಡಬಹುದಲ್ಲ?

ಇಡಬಹುದು, ಆದರೆ ಆಮೇಲೆ ಅದು ಮಡಚುವುದಿಲ್ಲ. ಮಡಚುವ ಚೀಲದ ವಿನ್ಯಾಸ ಕಷ್ಟವಾಗುವುದು ಇಲ್ಲೇ. ತುಂಬಿದಾಗ ಡಬ್ಬಿಯಂತಿರಬೇಕು, ಖಾಲಿಯಾದಾಗ ಮಡಚಿದ ಪೇಪರಿನಂತಿರಬೇಕು.

ಸೂಪರ್ ಮಾರ್ಕೆಟ್ಟುಗಳು ಜಾಗದ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿಕೊಂಡವು. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿ ಮಾಲೀಕ 1937ರಲ್ಲಿ ತಳ್ಳುಗಾಡಿ ತಂದಾಗ ಅದು ಮಡಚುವ ಕುರ್ಚಿಯಿಂದ ಹೊಳೆದ ಉಪಾಯ, ಬುಟ್ಟಿಗಳನ್ನು ಎತ್ತಿಟ್ಟು ಗಾಡಿಯನ್ನು ಮಡಚಬೇಕಿತ್ತು. ಆಮೇಲೆ, 1946ರ ಹೊತ್ತಿಗೆ, ಓರ್ಲಾ ವಾಟ್ಸನ್ ಒಂದು ಗಾಡಿಯೊಳಗೆ ಇನ್ನೊಂದು ತೂರಿಕೊಳ್ಳುವ ಗಾಡಿ ಮಾಡಿದ, ಮಡಚುವ ಗೋಜೇ ಹೋಯಿತು. ಮನೆಯಲ್ಲಿ ಇರುವುದು ಒಂದೇ ಗಾಡಿ. ಅದು ಯಾವುದರೊಳಗೆ ತೂರಿಕೊಳ್ಳಬೇಕು? ಹಾಗಾಗಿ ಮನೆಯ ಗಾಡಿಗೆ ಮಡಚುವ ಚೀಲವೇ ಗತಿ.

ಚೀಲ ಮಡಚುವ ವಿದ್ಯೆ ನಮಗೆ ಹಳೆಯದು ಅನ್ನಿಸುತ್ತದೆ. ಬಟ್ಟೆ ಅಂಗಡಿಯಲ್ಲಿ ಕೊಡುವ ಕಾಗದದ ಕೈಚೀಲದ ಬದಿಗಳನ್ನು ನೋಡಿ, ಸೀರೆಯ ನೆರಿಗೆಯ ಹಾಗೆ ಒಳಮುಖವಾಗಿ ಒಂದು ಮಡಿಕೆ ಇರುತ್ತದೆ. ಚಪ್ಪಟೆ ತಳದ ಕಾಗದದ ಚೀಲ ಮಾಡುವ ಯಂತ್ರಕ್ಕೆ ಅಮೆರಿಕದ ಮಾರ್ಗರೆಟ್ ನೈಟ್ 1871ರಲ್ಲೇ ಪೇಟೆಂಟ್ ಪಡೆದಿದ್ದಳು. ಬದಿಗೆ ನೆರಿಗೆ ಇದ್ದು, ಕೊಡವಿದರೆ ತಾನೇ ತೆರೆದುಕೊಂಡು ನಿಲ್ಲುವ ಚೀಲದ ಯಂತ್ರಕ್ಕೆ 1883ರಲ್ಲಿ ಚಾರ್ಲ್ಸ್ ಸ್ಟಿಲ್‌ವೆಲ್ ಪೇಟೆಂಟ್ ಪಡೆದ.

ಆದರೆ ಸೋಜಿಗದ ವಿಷಯ ಒಂದಿದೆ. 2004ರಲ್ಲಿ ಡೆವಿನ್ ಬಾಲ್ಕಮ್, ಎರಿಕ್ ಡಿಮೇನ್, ಮಾರ್ಟಿನ್ ಡಿಮೇನ್ ಎಂಬ ಸಂಶೋಧಕರು ಈ ಕಾಗದದ ಚೀಲದ ಗಣಿತ ಬರೆದರು. (ಗಣಿತದವರಿಗೆ ಬೇರೆ ಕೆಲಸ ಇರಲಿಲ್ಲವೇ ಅನ್ನಬೇಡಿ, ಕೆಲಸಕ್ಕೆ ಬರುವುದು ಇಂಥವೇ.) ಚೀಲದ ಗೋಡೆಗಳು ತಗಡಿನಂತೆ ಚೂರೂ ಬಾಗದೆ, ಮಡಿಕೆಯ ಗೆರೆಗಳಲ್ಲಿ ಮಾತ್ರ ತಿರುಗುವಂತಿದ್ದರೆ ಆ ಚೀಲವನ್ನು ಮಡಚಲು ಆಗುವುದೇ ಇಲ್ಲ ಎಂದು ಅವರು ತೋರಿಸಿದರು. ನಾವು ದಿನಾ ಮಡಚುತ್ತೇವಲ್ಲ? ಮಡಚುವಾಗ ಕಾಗದ ನಡುವೆ ಸ್ವಲ್ಪ ಬಾಗಿ, ಸೊಟ್ಟಗಾಗಿ ನಮ್ಮೊಂದಿಗೆ ಸಹಕರಿಸುತ್ತದೆ. ಗಟ್ಟಿ ಹಾಳೆ ಹಾಗೆ ಸಹಕರಿಸುವುದಿಲ್ಲ. ಗಟ್ಟಿ ವಸ್ತುವಿನ ಎತ್ತರದ ಚೀಲವನ್ನೂ ತಳ ಬಿಚ್ಚದೆ ಮಡಚುವಂಥ ಹೊಸ ಗೆರೆಗಳ ನಕ್ಷೆಯನ್ನು ಆಕ್ಸ್‌ಫರ್ಡ್‌ನ ವೈನಾ ವು ಮತ್ತು ಝಾಂಗ್ ಯೂ 2011ರಲ್ಲಿ ಪ್ರಕಟಿಸಿದರು. ಅದಕ್ಕೆ ಹಳೆಯ ಚೀಲಕ್ಕಿಂತ ಹೆಚ್ಚು ಮಡಿಕೆಗಳು ಬೇಕು.

ನಿಮ್ಮ ಟ್ರಾಲಿಗೂ ಇದಕ್ಕೂ ಏನು ಸಂಬಂಧ ಅಂದರೆ, ಚೀಲ ಹೊಟ್ಟೆ ಬಿಡದಿರಲಿ ಎಂದು ನಾಲ್ಕೂ ಗೋಡೆಗೆ ರಟ್ಟು ಕೂರಿಸಿದರೆ ಅದು ಮಡಚುವಾಗ ಮೊಂಡು ಹಿಡಿಯುತ್ತದೆ. ಯಾರೋ ಒತ್ತಿ ಮಡಚುತ್ತಾರೆ, ರಟ್ಟು ಮುರಿಯುತ್ತದೆ. ರಟ್ಟೇ ಇಲ್ಲದಿದ್ದರೆ ಹೊಟ್ಟೆ ಬರುತ್ತದೆ. ಒಳ್ಳೆಯ ಚೀಲಗಳು ನಡುವಿನ ದಾರಿ ಹಿಡಿಯುತ್ತವೆ. ಬೆನ್ನಿನ ಗೋಡೆ ಗಟ್ಟಿ, ತಳ ಗಟ್ಟಿ, ಬಾಯಿಗೆ ಒಂದು ಕಂಬಿಯ ಸುತ್ತು. ಎಡಬಲದ ಗೋಡೆಗಳು ಮಾತ್ರ ಮೆತ್ತಗೆ, ಒಳಕ್ಕೆ ನೆರಿಗೆಯಾಗಿ ಮಡಚುತ್ತವೆ. ತಳದ ಹಲಗೆ ಬಾಗಿಲಿನಂತೆ ಮೇಲಕ್ಕೆ ಮಡಚಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಗಟ್ಟಿ ಬೇಕಾದ ಕಡೆ ಗಟ್ಟಿ, ಮಡಚುವ ಕಡೆ ಮೆತ್ತಗೆ.

ಭಾರ ಯಾವುದರಿಂದ ನೇತಾಡುತ್ತದೆ ಅನ್ನುವುದೂ ಮುಖ್ಯ. ಅಗ್ಗದ ಚೀಲಗಳು ಮೇಲಿನ ಎರಡು ಕೊಕ್ಕೆಗಳಿಂದ ನೇತಾಡುತ್ತವೆ, ತಳ ಗಾಳಿಯಲ್ಲಿರುತ್ತದೆ. 20 ಕೆಜಿಯೂ ಆ ಕೊಕ್ಕೆಯ ಬಳಿಯ ನಾಲ್ಕು ಹೊಲಿಗೆ ಎಳೆಯ ಮೇಲೆ, ಜೊತೆಗೆ ಪ್ರತಿ ಗುಂಡಿಗೂ ಒಂದು ಹೊಡೆತ. ತಳ ಗಾಡಿಯ ಕೆಳಗಿನ ಕಂಬಿಯ ಮೇಲೆ ಕೂರಬೇಕು. ಹಿಡಿಕೆಯ ಪಟ್ಟಿ ಚೀಲದ ಬಾಯಲ್ಲೇ ಮುಗಿಯದೆ ತಳದ ಅಡಿಯಿಂದ ಸುತ್ತಿ ಬಂದಿರಬೇಕು. ಪಟ್ಟಿಯ ಕೊನೆಗೆ ಚೌಕದೊಳಗೆ ಗುಣಾಕಾರದ ಗುರುತಿನಂತೆ ಹೊಲಿಗೆ ಇದ್ದರೆ ಹೊಲಿದವರಿಗೆ ಕೆಲಸ ಗೊತ್ತು ಅಂತ ಅರ್ಥ. ಸ್ಕೂಲ್ ಬ್ಯಾಗ್ ಪಟ್ಟಿ ಕಿತ್ತು ರಿಪೇರಿಗೆ ಕೊಟ್ಟರೆ ಅಂಗಡಿಯವರು ಹಾಕಿಕೊಡುವುದೂ ಅದೇ ಹೊಲಿಗೆ.

'ಬಟ್ಟೆ ಚೀಲ' ಬಟ್ಟೆಯೇ ಅಲ್ಲದಿದ್ದರೆ?

ಸಂದೇಶದಲ್ಲಿ ಬಟ್ಟೆ ಎಂದು ಬರೆದ ಬಹಳಷ್ಟು ಚೀಲಗಳು ನಾನ್ ವೋವನ್, ಅಂದರೆ ನೇಯದೇ ಮಾಡಿದವು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಎಳೆಯಾಗಿಸಿ, ಹಾಸಿ, ಬಿಸಿ ಉರುಳೆಯಿಂದ ಅಲ್ಲಲ್ಲಿ ಬೆಸೆದದ್ದು. ಗುರುತಿಸುವುದು ಸುಲಭ. ಬೆಳಕಿಗೆ ಹಿಡಿದರೆ ಸಾಲಾಗಿ ಒತ್ತಿದ ಚುಕ್ಕಿಗಳು ಕಾಣುತ್ತವೆ. ಅಂಚಿನಿಂದ ದಾರ ಎಳೆಯಲು ನೋಡಿ, ಹಾಸು ಹೊಕ್ಕು ಯಾವುದೂ ಸಿಗುವುದಿಲ್ಲ. ಕಾನೂನಿನ ಲೆಕ್ಕದಲ್ಲೂ ಇದು ಪ್ಲಾಸ್ಟಿಕ್ಕೇ. ಕೇಂದ್ರ ಸರ್ಕಾರದ 2021ರ ಪ್ಲಾಸ್ಟಿಕ್ ತ್ಯಾಜ್ಯ ತಿದ್ದುಪಡಿ ನಿಯಮಗಳು ಆ ವರ್ಷದ ಸೆಪ್ಟೆಂಬರ್ 30ರಿಂದ ನಾನ್ ವೋವನ್ ಕೈಚೀಲ ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಗಬೇಕು ಎಂದು ಹೇಳುತ್ತವೆ.

ಪ್ಲಾಸ್ಟಿಕ್ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲೂ ಅಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಕವರ್‌ಗಿಂತ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಮೇಲಾಗಲು ಹತ್ತಿ ಚೀಲವನ್ನು 131 ಸಲ ಬಳಸಬೇಕು, ನಾನ್ ವೋವನ್ ಚೀಲವನ್ನು 11 ಸಲ. ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಹತ್ತಿ ಚೀಲಕ್ಕೆ ಎರಡೂವರೆ ವರ್ಷ ಬೇಕು. ಆದರೆ ಪಾಲಿಪ್ರೊಪಿಲೀನಿಗೆ ಬಿಸಿಲು ಆಗದು. ಮದುವೆ ಮನೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟ ಚೀಲವನ್ನು ಬಾಲ್ಕನಿಯಲ್ಲಿ ಮರೆತು ಕೆಲವು ತಿಂಗಳ ಮೇಲೆ ಎತ್ತಿದವರಿಗೆ ಗೊತ್ತು, ಹಪ್ಪಳದಂತೆ ಪುಡಿಪುಡಿ. ಟ್ರಾಲಿಗೆ ನೇಯ್ದ ದಪ್ಪ ಪಾಲಿಯೆಸ್ಟರ್ ಅಥವಾ ಕ್ಯಾನ್ವಾಸೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಪಾಲಿಯೆಸ್ಟರ್ ಕೂಡ ಪ್ಲಾಸ್ಟಿಕ್ಕೇ, ಆದರೆ ವರ್ಷಗಟ್ಟಲೆ ಬಾಳುವ ಪ್ಲಾಸ್ಟಿಕ್.

ಇದಕ್ಕೆ ಉಲ್ಟಾ ಇರುವ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತದೆ: ಮರುಬಳಕೆಯ ಚೀಲ ಅಂದರೆ ರೋಗಾಣುಗಳ ಗೂಡು, ಕವರೇ ಕ್ಷೇಮ ಅಂತ. ಇದರ ಬೇರು ಒಂದು ನಿಜವಾದ ಅಧ್ಯಯನದಲ್ಲಿದೆ. ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದ ಗಿರಾಕಿಗಳಿಂದ ಪಡೆದ 84 ಚೀಲಗಳನ್ನು ಸಂಶೋಧಕರು ಪರೀಕ್ಷಿಸಿದರು, ಸುಮಾರು ಅರ್ಧದಷ್ಟರಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕವು. ಫಾರ್ವರ್ಡ್ ಹೇಳದೇ ಬಿಡುವುದು ಎರಡು ಸಂಗತಿ. ಅಧ್ಯಯನಕ್ಕೆ ಹಣ ಕೊಟ್ಟದ್ದು ಅಮೆರಿಕದ ರಾಸಾಯನಿಕ ಕಂಪನಿಗಳ ಒಕ್ಕೂಟ. ಮತ್ತು ಚೀಲವನ್ನು ಕೈಯಲ್ಲೋ ಮೆಷಿನ್ನಲ್ಲೋ ತೊಳೆದರೆ ಬ್ಯಾಕ್ಟೀರಿಯಾ ಶೇ 99.9ಕ್ಕಿಂತ ಹೆಚ್ಚು ಕಡಿಮೆಯಾದವು ಎಂದು ಅದೇ ಅಧ್ಯಯನ ಹೇಳುತ್ತದೆ.

ಅಂದರೆ ಪ್ರಶ್ನೆ, ಈ ಚೀಲವನ್ನು ತೊಳೆಯಲು ಆಗುತ್ತದೆಯೇ? ತಳದಲ್ಲಿ ಹೊಲಿದು ಮುಚ್ಚಿದ ಕಾಗದದ ರಟ್ಟಿದ್ದರೆ ಆಗುವುದಿಲ್ಲ, ಒಂದು ಸಲ ನೆನೆದರೆ ಮುದ್ದೆಯಾಗುತ್ತದೆ. ಕೊತ್ತಂಬರಿ ಕಟ್ಟಿನಿಂದ ಸೋರುವ ನೀರಿಗೇ ಅದು ಹಾಳಾಗಬಹುದು. ತಳದ ಹಲಗೆ ಪ್ಲಾಸ್ಟಿಕ್ಕಿನದಾಗಿದ್ದು ಹೊರತೆಗೆಯಲು ಬರುವಂತಿರಬೇಕು, ಚೀಲ ಗಾಡಿಯಿಂದ ಕಳಚಿ ಬರಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಯವರಿಗೆ ಹೇಗೂ ಕಳಚುವ ಚೀಲವೇ ಬೇಕು. ಅವರಿಗೆ ಗಾಡಿ ಮೆಟ್ಟಿಲ ಕೆಳಗೇ ನಿಲ್ಲುತ್ತದೆ, ಚೀಲವನ್ನು ಎರಡು ಕಂತಿನಲ್ಲಿ ಮೇಲೆ ಒಯ್ಯಬೇಕು. ಅದಕ್ಕೆ ಕೈಯಲ್ಲಿ ಹಿಡಿಯಲು ಬೇರೆ ಹಿಡಿಕೆ ಇದೆಯೇ ನೋಡಿ.

ಅಂಗಡಿಯಲ್ಲಿ ಕೊಳ್ಳುವಾಗ ಐದು ಲೀಟರಿನ ಎರಡು ನೀರಿನ ಕ್ಯಾನ್ ಕೇಳಿ ಪಡೆದು ಚೀಲದೊಳಗೆ ಮುಂದಿನ ಗೋಡೆಗೆ ಒತ್ತಿ ಇಡಿ. ಗಾಡಿ ತಾನೇ ನಿಲ್ಲುತ್ತದೆಯೇ, ಚೀಲದ ತಳ ನೆಲಕ್ಕೆ ತಾಗುತ್ತದೆಯೇ, ಬದಿಗಳು ಚಕ್ರಕ್ಕೆ ಉಜ್ಜುತ್ತವೆಯೇ ಗೊತ್ತಾಗುತ್ತದೆ. ಆಮೇಲೆ ಅಂಗಡಿಯವರಲ್ಲ, ಅದನ್ನು ಬಳಸುವವರೇ, ಅಂದರೆ ನಿಮ್ಮ ಅಮ್ಮನೋ ಮಾವನೋ, ಒಂದು ಸಲ ಮಡಚಿ ನೋಡಲಿ.